ಬೆಕ್ಕಿನ ಡಾಕ್ಟರು ಮತ್ತು ಬೀಳದ ಇಲಿ

ಮೂಡಿಗೆರೆಯ ದನದ ಆಸ್ಪತ್ರೆಯಲ್ಲಿ ನಮಗೆ ಪಾಠ ಹೇಳಿದ ಷಡಕ್ಷರಿ ಡಾಕ್ಟರನ್ನು ಊರಿನವರು ಬೆಕ್ಕಿನ ಡಾಕ್ಟರು ಎಂದು ಕರೆಯುತ್ತಿದ್ದರು. ಮೊದಮೊದಲು ಅದು ಗೇಲಿಗೆ ಇಟ್ಟ ಹೆಸರು. ಆಮೇಲೆ ಅದರಲ್ಲಿ ಪ್ರೀತಿ ಸೇರಿಕೊಂಡಿತು. ಕೊನೆಗೆ ಅದೇ ಹೆಸರು ಬೈಗುಳವಾಗಿದ್ದನ್ನೂ ನಾನು ಈ ಕಿವಿಯಲ್ಲೇ ಕೇಳಿದ್ದೇನೆ. ಆ ಮನುಷ್ಯನ ಬಗ್ಗೆ ಯಾರಾದರೂ ಅರ್ಧಂಬರ್ಧ ತಿಳಿದುಕೊಂಡು ಮಾತಾಡಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅದಕ್ಕೇ ಪೂರ್ತಿ ಹೇಳುತ್ತೇನೆ.

ಜರ್ಮನ್ ಯುದ್ಧ ಮುಗಿದು, ಇನ್ಫ್ಲುಯೆಂಜಾ ಜ್ವರ ಊರೂರನ್ನು ಗುಡಿಸಿಕೊಂಡು ಹೋಗಿ ನಾಲ್ಕೈದು ವರ್ಷವಾಗಿತ್ತು. ಕೊಟ್ಟಿಗೆಹಾರದ ಭೂತಯ್ಯನಾದ ನಾನೂ ಸಂಸೆಯ ಶಿವಯ್ಯನೂ ಅವರ ಕೈಕೆಳಗೆ ತರಬೇತಿಗೆ ಸೇರಿದೆವು. ನಮ್ಮ ತಲೆಯಲ್ಲಿದ್ದದ್ದು ದನ, ಎಮ್ಮೆ, ಗಾಡಿ ಎತ್ತು. ಡಾಕ್ಟರು ಮೊದಲ ದಿನವೇ ಆಸ್ಪತ್ರೆಯ ಬಿಳಿ ಬೆಕ್ಕನ್ನು ಎತ್ತಿ ತಂದು ಮೇಜಿನ ಮೇಲೆ ಕೂರಿಸಿದರು. ನಮಗಿಬ್ಬರಿಗೂ ನಗು ತಡೆಯಲಾಗಲಿಲ್ಲ.

"ನಗ್ರಪ್ಪಾ, ನಗ್ರಿ," ಎಂದರು ಅವರು. ಬೀರೂರು ಕಡೆಯವರು, ಮಾತು ಸ್ವಲ್ಪ ಗಡಸು. "ದನ ನಿಂತ್ಕಂಡು ತೋರಿಸ್ಕಳ್ತದೆ. ನಾಯಿ ಕಾಲು ಮುರಿದಿದ್ರೂ ನಿಮ್ಮ ಮುಖ ನೋಡಿ ಬಾಲ ಆಡಿಸ್ತದೆ. ಬೆಕ್ಕು ಮಾತ್ರ ಏನೂ ಹೇಳಾದಿಲ್ಲ. ಬೆಕ್ಕು ನೋಡಾದು ಕಲಿತೋನು ಯಾವ ಪ್ರಾಣಿ ಬೇಕಾದ್ರೂ ನೋಡ್ತಾನೆ."

ಅವರು ಕಲಿಸಿದ ರೀತಿ ನನ್ನ ಕೈಯಲ್ಲಿ ಈಗಲೂ ಇದೆ. ಮೊದಲು ಕೈ ಕಟ್ಟಿಕೊಂಡು ದೂರ ನಿಲ್ಲಬೇಕು. ಪಕ್ಕೆ ಏರಿಳಿಯುವುದನ್ನೂ ಕಿವಿಯನ್ನೂ ಕೂತ ಭಂಗಿಯನ್ನೂ ನೋಡಬೇಕು. ಆಮೇಲೆ ಕೈಯನ್ನು ಮೂಸಲು ಕೊಡಬೇಕು. ತುಟಿ ಎತ್ತಿ ವಸಡಿನ ಬಣ್ಣ ನೋಡಿ, ದವಡೆಯ ಕೆಳಗೆ ಎರಡು ಬೆರಳಿಟ್ಟು ಗಂಟು ಇದೆಯೇ ಎಂದು ತಡವಬೇಕು. ಹೊಟ್ಟೆಯನ್ನು ನಾದಿಟ್ಟ ಹಿಟ್ಟು ಮುಟ್ಟಿದ ಹಾಗೆ ಮುಟ್ಟಬೇಕು, ತೊಡೆಯ ಒಳಗಡೆ ನಾಡಿ ಹುಡುಕಬೇಕು. ಥರ್ಮಾಮೀಟರ್ ಕಟ್ಟಕಡೆಗೆ, ಏಕೆಂದರೆ ಅದನ್ನು ಇಡುವ ಜಾಗದಲ್ಲಿ ಇಟ್ಟ ಮೇಲೆ ಬೆಕ್ಕಿಗೂ ನಮಗೂ ಸ್ನೇಹ ಉಳಿಯುವುದಿಲ್ಲ. ಇಷ್ಟಾದ ಮೇಲೆ ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಏನು ಕಂಡೆ?"

ನಾನು ಆತುರಗಾರ. "ಅಜೀರ್ಣ ಸಾರ್," ಎಂದುಬಿಡುತ್ತಿದ್ದೆ. ಅವರಿಗೆ ಸಿಟ್ಟು ನೆತ್ತಿಗೇರುತ್ತಿತ್ತು. "ಅಜೀರ್ಣ ಎಲ್ಲಿ ಕಾಣ್ತಯ್ಯಾ ನಿಂಗೆ? ಬಾಲದ ಮೇಲೆ ಬರೆದಿತ್ತಾ? ಕಂಡದ್ದು ಹೇಳು, ಕತೆ ಹೇಳಬೇಡ!"

ಶಿವಯ್ಯ ಕಂಡದ್ದನ್ನೇ ಹೇಳುತ್ತಿದ್ದ. ಮಿತ ಮಾತಿನವನು, ಬೆರಳು ಉದ್ದ, ಸಹನೆಯಂತೂ ನನಗಿಂತ ಹತ್ತು ಪಾಲು ಹೆಚ್ಚು. ಒಮ್ಮೆ ಹಂದಿ ಬೇಟೆಯಲ್ಲಿ ಹೊಟ್ಟೆ ಸೀಳಿಸಿಕೊಂಡು ಬಂದ ನಾಯಿಯ ಗಾಯಕ್ಕೆ ನಾನು ಹೊಲಿಗೆ ಹಾಕಲು ಸೂಜಿ ಹುಡುಕುತ್ತಿದ್ದಾಗ, ಅವನು ಅದರ ವಸಡು ನೋಡಿ, "ಬಿಳಿಚಿದೆ ಸಾರ್, ಒಳಗೆಲ್ಲೋ ರಕ್ತ ಸೋರ್ತಾ ಇದೆ ಅಂತ ಕಾಣುತ್ತೆ, ಆದ್ರೆ ಅದನ್ನ ನಾನು ಕಂಡಿಲ್ಲ," ಎಂದ. ಡಾಕ್ಟರ ಮುಖ ಅರಳಿತು. ಅಂದಿನಿಂದ ಪೇಟೆಯಲ್ಲಿ ಎಸ್ಟೇಟಿನ ಗೌಡರು ಸಿಕ್ಕಿದರೂ ಸರಿ, ಅಂಚೆಯವನು ಸಿಕ್ಕಿದರೂ ಸರಿ, ಅದೇ ಮಾತು. "ನಮ್ಮ ಶಿವಯ್ಯನ ಬೆರಳು ಸುಳ್ಳು ಹೇಳಾದಿಲ್ಲ." ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಇಲ್ಲವೆನ್ನುವುದೇಕೆ.

ಇನ್ನು ಬೆಕ್ಕಿನ ಹೆಸರು ಅವರಿಗೆ ಅಂಟಿದ್ದು ಹೇಗೆಂದರೆ, ಪ್ಲೇಗಿನಿಂದ. ಬೀರೂರಿನ ಕಡೆ ಆಗ ಚಳಿ ಬಂತೆಂದರೆ ಪ್ಲೇಗೂ ಬಂತು. ಮನೆಯೊಳಗೆ ಒಂದು ಇಲಿ ಸತ್ತು ಬಿದ್ದರೆ ಸಾಕು, ಜನ ಪಾತ್ರೆ ಪಗಡ ಹೊತ್ತುಕೊಂಡು ಊರ ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. "ಇಲಿ ಬಿತ್ತು" ಎಂದ ಮೇಲೆ ಇನ್ಯಾರ ಅಪ್ಪಣೆಯೂ ಬೇಕಿರಲಿಲ್ಲ. ಡಾಕ್ಟರ ಹೆಂಡತಿ ನಂಜಮ್ಮ ಅಂಥ ಗುಡಿಸಲಿಗೆ ತಡವಾಗಿ ಹೋಗಿ, ಅಲ್ಲೇ ತೀರಿಕೊಂಡಿದ್ದರು. ಬೆಕ್ಕು ಸಾಕಿದ ಮನೆಗೆ ಪ್ಲೇಗು ಬರುವುದಿಲ್ಲ ಎಂದು ಯಾರೋ ದೊಡ್ಡ ಡಾಕ್ಟರು ಬರೆದದ್ದನ್ನು ಇವರು ಆಮೇಲೆ ಓದಿದರು. ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರು. ಮೂಡಿಗೆರೆಗೆ ವರ್ಗವಾಗಿ ಬಂದ ಮೇಲೆ ಸಿಕ್ಕ ಸಿಕ್ಕ ಮರಿಗಳನ್ನೆಲ್ಲ ಸಾಕಿ, ಬಿದಿರು ಬುಟ್ಟಿಯಲ್ಲಿ ಹೊತ್ತು, ಕಾಫಿ ಎಸ್ಟೇಟಿನ ಕೂಲಿ ಲೈನುಗಳಲ್ಲಿ, ಅಂದರೆ ಆಳುಗಳ ಸಾಲುಮನೆಗಳಲ್ಲಿ, ಮನೆಮನೆಗೂ ಕೊಟ್ಟು ಬರುತ್ತಿದ್ದರು.

ಹೆಚ್ಚು ಬೆಕ್ಕು ಹೋದದ್ದು ಕಲ್ಲುಹಳ್ಳದ ಎಸ್ಟೇಟಿಗೆ. ಮಾಲೀಕರು ಚನ್ನಕೇಶವ ಗೌಡರು. ಎರಡು ವರ್ಷದಲ್ಲಿ ಅವರ ಭತ್ತದ ಕಣಜಕ್ಕೆ ಇಲಿಯ ಕಾಟ ತಪ್ಪಿತು, ಲೈನಿನ ಮಕ್ಕಳಿಗೆ ಆಟಕ್ಕೆ ಜೊತೆಯಾಯಿತು. ಅಲ್ಲಿನ ಹುಚ್ಚಮ್ಮ ಎಂಬ ವಿಧವೆ, ಮಗಳು ಭಾಗಮ್ಮನೊಂದಿಗೆ ಕಾಫಿ ಹಣ್ಣು ಕೊಯ್ಯುವವಳು, ತನ್ನ ಬೂದು ಬೆಕ್ಕಿಗೆ ಒಣಮೀನು ಹಾಕುತ್ತಾ ಡಾಕ್ಟರನ್ನು ಕೆಣಕುತ್ತಿದ್ದಳು. "ನೀವು ತಂದುಕೊಟ್ಟ ಸೊಸೆ ಅಯ್ಯಾ ಇವಳು. ಮೂರು ಹೊತ್ತೂ ತಿಂದು ಒಲೆ ಮುಂದೆ ಮಲಗ್ತಾಳೆ."

"ಸೊಸೆ ಆರೋಗ್ಯವಾಗಿದಾಳಾ ಅಂತ ನೋಡಾಕೇ ಬಂದಿರಾದು," ಎಂದು ಇವರು ನಗುತ್ತಿದ್ದರು. ನಮ್ಮ ಪಾಠಕ್ಕೂ ಆ ಲೈನೇ ಶಾಲೆಯಾಗಿತ್ತು. ತಿಂಗಳಿಗೊಮ್ಮೆ ಹೋಗಿ ಬೆಕ್ಕುಗಳನ್ನೂ ಗೌಡರ ಬೇಟೆ ನಾಯಿಗಳನ್ನೂ ಒಂದೊಂದಾಗಿ ಪರೀಕ್ಷೆ ಮಾಡುತ್ತಿದ್ದೆವು.

ಆ ವರ್ಷ ಪುಷ್ಯದ ಚಳಿ ಕಡುವಾಗಿತ್ತು. ಕೊಯ್ಲು ಭರದಲ್ಲಿತ್ತು. ನಾವು ಕಲ್ಲುಹಳ್ಳಕ್ಕೆ ಹೋದ ದಿನ ಹುಚ್ಚಮ್ಮನ ಬೆಕ್ಕು ಒಲೆಯ ಮುಂದೆ ಇರಲಿಲ್ಲ. ಸೌದೆಯ ಹಿಂದಿನ ಕತ್ತಲಲ್ಲಿ ಮುದುಡಿ ಕೂತಿತ್ತು. ಹುಚ್ಚಮ್ಮ ಅವತ್ತು ಕೊಯ್ಲಿಗೆ ಹೋಗದೆ ಮನೆಯಲ್ಲೇ ಇದ್ದಳು. ಶಿವಯ್ಯ ದೂರ ನಿಂತು ನೋಡಿದ, ಆಮೇಲೆ ಕೂತ, ಮೂಸಲು ಕೈ ಕೊಟ್ಟ. ಅದು ಮೂಸಲಿಲ್ಲ. ದವಡೆಯ ಕೆಳಗೆ ಬೆರಳಿಟ್ಟವನು ತೆಗೆಯಲೇ ಇಲ್ಲ.

"ಏನು ಕಂಡೆ?"

"ಎರಡು ಕಡೆನೂ ಗಂಟು ಸಾರ್. ಹಲಸಿನ ಬೀಜದಷ್ಟು. ಗಟ್ಟಿ. ಮುಟ್ಟಿದ್ರೆ ನರಳುತ್ತೆ. ಮೈ ಕೆಂಡ."

"ಕಚ್ಚಾಡಿಕೊಂಡು ಕೀವಾಗಿರಬೇಕು," ಎಂದೆ ನಾನು.

"ಹಲ್ಲಿನ ಗಾಯ ಎಲ್ಲೂ ಇಲ್ಲ," ಎಂದ ಶಿವಯ್ಯ.

ಡಾಕ್ಟರು ತಾವೇ ಬಗ್ಗಿ ಮುಟ್ಟಿದರು. ಅವರ ಮುಖದ ಬಣ್ಣ ಇಳಿದದ್ದನ್ನು ನಾನು ನೋಡಿದೆ. "ಹುಚ್ಚಮ್ಮ, ಇದು ಏನು ತಿಂತು?"

"ಎಂತದೋ ಅಯ್ಯಾ, ಈಗೀಗ ಇವಳು ಓಡಿ ಹಿಡಿಯೋದೇ ಬೇಡ. ಇಲಿ ಮಂಕು ಬಡಿದ ಹಂಗೆ ಕೂತಿರ್ತವೆ. ಹೋಗಿ ಕಚ್ಕೊಂಡು ಬರ್ತಾಳೆ. ಪಕ್ಕದ ಸಿದ್ದಮ್ಮನ ಬೆಕ್ಕೂ ಹಂಗೇ ತಿಂದು ಕೊಬ್ಬಿತ್ತು, ಮೊನ್ನೆ ಸತ್ತೇ ಹೋಯ್ತು. ಹಾವು ಕಚ್ಚಿರಬೇಕು ಅಂದ್ರು." ಅವಳು ಡಾಕ್ಟರ ಮುಖವನ್ನೇ ನೋಡಿದಳು. "ಇವಳಿಗೆ ಎಂತ ಆಗಿದೆ ಅಯ್ಯಾ?"

"ಏನಿಲ್ಲ ಕಣಮ್ಮ, ಜ್ವರ. ನೀನು ಮುಟ್ಟಬೇಡ, ನಾನು ಆಸ್ಪತ್ರೆಗೆ ತಗಂಡು ಹೋಗ್ತೀನಿ," ಎಂದು ಅವರು ಬೆಕ್ಕನ್ನು ಬುಟ್ಟಿಗೆ ಹಾಕಿ ಮುಚ್ಚಿದರು. ಅವಳ ಮುಂದೆ ಅವರು ಆಡಿದ್ದು ಅಷ್ಟೇ.

ಕಣಜದ ಹಿಂದೆ ಬಂದ ಮೇಲೆ ನಮ್ಮ ಕೈಕಾಲಿಗೆ ಸೀಮೆಎಣ್ಣೆ ಸವರಿದರು. ಪ್ಲೇಗು ಹೊತ್ತು ತಿರುಗುವ ಚಿಗಟ ಹತ್ತಬಾರದೆಂದು. "ಇಲಿ ಬೀಳ್ತಾ ಇದಾವೆ ಕಣ್ರಯ್ಯಾ. ಬಿದ್ದದ್ದನ್ನ ಜನ ನೋಡಾಕೆ ಮುಂಚೆ ಬೆಕ್ಕು ತಿಂದು ಮುಗಿಸ್ತಾ ಇದಾವೆ. ಇವರು ಇಲಿ ನೋಡಿ ಮನೆ ಬಿಡೋ ಜನ. ನೋಡಾಕೆ ಇಲಿನೇ ಇಲ್ಲದ ಹಾಗೆ ಮಾಡಿಟ್ಟಿದೀನಿ ನಾನು." ದಾರಿಯಲ್ಲೇ ಬೆಕ್ಕು ಸತ್ತಿತು. ಗಂಟಿನ ರಸ ತೆಗೆದಿಟ್ಟುಕೊಂಡು ಅದನ್ನು ಸುಟ್ಟು ಹಾಕಿದೆವು. ಆ ರಸವನ್ನು ಡಾಕ್ಟರು ಬೆಂಗಳೂರಿಗೆ ಕಳಿಸಿದರು, ಆದರೆ ಅದರ ಉತ್ತರ ಬರುವಷ್ಟರಲ್ಲಿ ಏನು ಬೇಕಾದರೂ ಆಗಬಹುದಿತ್ತು. ಚಿಕ್ಕಮಗಳೂರಿಗೂ ಆಳು ಕಳಿಸಿದರು. ಪ್ಲೇಗು ನೋಡಿಕೊಳ್ಳುವ ಅಧಿಕಾರಿ ಬಯಲುಸೀಮೆಯ ಹಳ್ಳಿಗಳಲ್ಲಿ ಸುತ್ತಾಟದಲ್ಲಿದ್ದರು.

ಹೀಗಾಗಿ ಆ ಲೈನಿನ ನೂರು ಚಿಲ್ಲರೆ ಜೀವ ಉಳಿಯಬೇಕಾದರೆ ಜನ ಮನೆ ಬಿಡಬೇಕಿತ್ತು, ಅದೂ ಕೂಡಲೇ. ಕೈಯಲ್ಲಿದ್ದ ಸಾಕ್ಷಿ ಒಂದು ಬೆಕ್ಕಿನ ಕುತ್ತಿಗೆ, ಅದನ್ನೂ ಸುಟ್ಟಾಗಿತ್ತು.

ಆಳು ಮರಳಿದ ಕೂಡಲೇ ನಾವು ಮತ್ತೆ ಕಲ್ಲುಹಳ್ಳಕ್ಕೆ ಹೋದೆವು. ಗೌಡರು ಕಣದಲ್ಲಿ ಒಣಗಲು ಕಾಫಿಬೀಜದ ಪಾರ್ಚ್‌ಮೆಂಟ್ ಹರಡಿಸುತ್ತಿದ್ದರು. ಡಾಕ್ಟರ ಮಾತನ್ನು ಅಡ್ಡ ಬಾರದೆ ಕೇಳಿದರು. ಅವರು ಕೆಟ್ಟವರಲ್ಲ. ಅದನ್ನು ಹೇಳಲು ನನಗೆ ಇಷ್ಟವಿಲ್ಲ, ಆದರೂ ಹೇಳಬೇಕು.

"ಡಾಕ್ಟ್ರೇ, ನಿಮ್ಮ ಮಾತಿಗೆ ನಾನು ಯಾವತ್ತಾದ್ರೂ ಇಲ್ಲ ಅಂದಿದ್ದುಂಟಾ? ಆದ್ರೆ ಹಣ್ಣು ಗಿಡದಲ್ಲೇ ಒಣಗ್ತಾ ಇದೆ. ಬೆಕ್ಕಿನ ಕುತ್ತಿಗೆ ಊದಿತು ಅಂತ ಅಷ್ಟೂ ಆಳನ್ನ ಬಯಲಿಗೆ ಹಾಕಿದ್ರೆ, ಹೆದರಿ ಘಟ್ಟ ಇಳಿದು ಊರಿಗೆ ಹೋಗ್ತಾರೆ. ಮತ್ತೆ ಬರ್ತಾರಾ? ಇಲಿ ಬಿದ್ದಿದ್ಯಾ? ಒಂದೇ ಒಂದು ಇಲಿ ತೋರ್ಸಿ. ನಾನೇ ನಿಂತು ಗುಡಿಸ್ಲು ಹಾಕಿಸ್ತೀನಿ."

ಡಾಕ್ಟರು ಲೈನಿನವರನ್ನೇ ಕೇಳಿನೋಡೋಣ ಎಂದು ಹೊರಟರು. ಮೇಸ್ತ್ರಿ ಬೊಮ್ಮಯ್ಯ ಜನರನ್ನು ಕರೆದ. "ಇಲ್ಲಿ ಕಾಯಿಲೆ ಬರೋ ಹಾಗಿದೆ, ಎಲ್ಲ ಹೊರಗೆ ಹೋಗಿ," ಎಂದು ಇವರು ಕೈ ಮುಗಿದು ಬೇಡಿದರು. ಪ್ಲೇಗು ಎಂಬ ಹೆಸರನ್ನು ಎತ್ತಲಿಲ್ಲ. ಗಾಬರಿಯಾಗಿ ದಿಕ್ಕಿಗೊಬ್ಬರು ಓಡಿದರೆ ಕಾಯಿಲೆ ಊರೂರಿಗೆ ಹಬ್ಬುತ್ತದೆ ಎಂಬ ಹೆದರಿಕೆ ಅವರಿಗೆ.

ಯಾವ ಕಾಯಿಲೆಯೆಂದು ಬೊಮ್ಮಯ್ಯನಿಗೆ ಅರ್ಥವಾಯಿತು. ಅದನ್ನು ದೇವಿಯೆಂದೇ ನಂಬಿದವನು ಅವನು. "ಆ ಅಮ್ಮ ಬರೋದಾದ್ರೆ ಮುಂಚೆ ಇಲಿ ಬೀಳಿಸಿ ತಿಳಿಸ್ತಾಳೆ ಅಯ್ಯಾ. ತಿಳಿಸದೆ ಬರೋಳಲ್ಲ ಅವಳು. ಇಲಿ ಬೀಳ್ಲಿ, ನೀವು ಹೇಳೋದೇ ಬೇಡ, ನಾವೇ ಹೋಗ್ತೀವಿ." ಎಲ್ಲರೂ ತಲೆಯಾಡಿಸಿದರು. ಹುಚ್ಚಮ್ಮ ತನ್ನ ಬೆಕ್ಕು ಹೇಗಿದೆ ಎಂದು ಕೇಳಿದಳು. ಡಾಕ್ಟರು ಉತ್ತರ ಕೊಡದೆ ಬೇರೆ ಕಡೆ ನೋಡಿದರು.

ಮಾರನೆಯ ದಿನವೆಲ್ಲ ನಾವು ಸತ್ತ ಇಲಿ ಹುಡುಕಿದೆವು. ಅಟ್ಟ, ಕಣಜ, ಸೌದೆಕೊಟ್ಟಿಗೆ, ಹಂಚಿನ ಸಂದು ಯಾವುದನ್ನೂ ಬಿಡಲಿಲ್ಲ. ಎಲ್ಲಿ ಹೋದರೂ ಒಂದು ಬೆಕ್ಕು ನಮಗಿಂತ ಮೊದಲೇ ಬಂದು ಕೂತಿರುತ್ತಿತ್ತು. ಎರಡು ವರ್ಷ ಇಲಿ ಬೇಡ ಬೇಡ ಎಂದು ಬೆಕ್ಕು ಹಂಚಿದ ಮನುಷ್ಯ ಒಂದು ಸತ್ತ ಇಲಿಗಾಗಿ ಒಲೆಯ ಬೂದಿ ಕೆದಕುವುದನ್ನು ನೋಡಲಾಗದೆ ನಾನು ಹೊರಗೆ ಬಂದುಬಿಟ್ಟೆ. ಬಾಲದ ತುಂಡೊಂದು ಸಿಕ್ಕಿತು. ಗೌಡರು ಅದನ್ನು ನೋಡಿ, "ಇದು ಬೆಕ್ಕು ತಿಂದದ್ದಲ್ವಾ ಡಾಕ್ಟ್ರೇ? ಅದಕ್ಕೇ ತಾನೇ ಬೆಕ್ಕು ಕೊಟ್ಟಿದ್ದು ನೀವು?" ಎಂದರು. ಗೇಲಿಯಲ್ಲ, ನಿಜವಾಗಿಯೇ ಕೇಳಿದರು.

ಹೊತ್ತು ಮುಳುಗಿದ ಮೇಲೆ ಡಾಕ್ಟರು ನಮ್ಮನ್ನು ಕರೆದುಕೊಂಡು ಮೂಡಿಗೆರೆಗೆ ಹಿಂದಿರುಗಿದರು. ಬೆಳಗ್ಗೆ ನಾನು ಆಸ್ಪತ್ರೆಗೆ ಬಂದಾಗ ಹುಲ್ಲಿನ ಕೋಣೆಯ ಬಾಗಿಲಲ್ಲಿ ಕೂತಿದ್ದರು. ಮುಂದೆ ಕುತ್ತಿಗೆಗೆ ತಂತಿ ಬಿಗಿಯುವಂಥ ಬೋನು, ಅದರಲ್ಲಿ ಒಂದು ಸತ್ತ ಇಲಿ.

"ಭೂತಯ್ಯ, ಬುತ್ತಿ ಡಬ್ಬಿ ತಾ," ಎಂದರು.

ನನಗೆ ಅರ್ಥವಾಗಲು ಹೊತ್ತು ಬೇಕಾಗಲಿಲ್ಲ. "ಶಿವಯ್ಯನನ್ನೂ ಕರೀಲಾ ಸಾರ್?"

"ಬೇಡ!" ಎಂದು ಹೆಚ್ಚುಕಡಿಮೆ ಕಿರುಚಿದರು. ಆಮೇಲೆ ಮೆಲ್ಲಗೆ, "ಅವನಿಗೆ ಗೊತ್ತಾಗಬಾರದು. ಗೌಡರ ಬಂಗಲೆಲಿ ನಾಯಿ ಕುಂಟ್ತಾ ಇದೆ, ಅಲ್ಲಿಗೆ ಕಳಿಸಿದೀನಿ. ಕಂಡದ್ದೇ ಹೇಳು ಅಂತ ಅವನ ತಲೆಗೆ ಹೊಕ್ಕಿಸಿದ ಬಾಯಿ ಇದು. ಅವನ ಮುಂದೆ ಈ ಕೆಲಸ ಮಾಡಾಕೆ ನನ್ನ ಕೈ ಏಳಾದಿಲ್ಲ," ಎಂದರು.

ನನ್ನ ಮುಂದೆ ಮಾಡಲು ಕೈ ಎದ್ದಿತಲ್ಲ ಎಂದು ಆ ಗಳಿಗೆಯಲ್ಲೂ ನನಗೆ ಚುರುಕ್ಕೆಂದಿತು. ಆದರೆ ಅವರ ಕಣ್ಣು ನೋಡಿ ಡಬ್ಬಿ ತಂದುಕೊಟ್ಟೆ. ಅವರು ತಂತಿ ಸಡಿಲಿಸಿ, ಇಲಿಯ ಕುತ್ತಿಗೆಯ ಕೂದಲನ್ನು ಬೆರಳಿನಿಂದ ಸವರಿ ಸವರಿ ಸರಿಮಾಡಿದರು.

ಲೈನಿನ ಜನ ತೋಟಕ್ಕೆ ಹೋಗಿದ್ದ ಹೊತ್ತು. ಮನೆಯಲ್ಲುಳಿದ ಮುದುಕರಿಗೆ ಪರೀಕ್ಷೆಯ ನೆಪ ಹೇಳಿ ನಾವು ಬೆಕ್ಕುಗಳನ್ನೆಲ್ಲ ಬುಟ್ಟಿಗಳಲ್ಲಿ ಮುಚ್ಚಿದೆವು. ಡಾಕ್ಟರು ಡಬ್ಬಿ ತೆರೆದು, ಲೈನಿನ ನಡುವಿನ ಜಗುಲಿಯ ಮೇಲೆ ಆ ಇಲಿಯನ್ನು ಇಟ್ಟರು. ಇಟ್ಟು, ಒಂದು ಹೆಜ್ಜೆ ಹಿಂದೆ ಸರಿದು, ಅದು ಬಿದ್ದ ಹಾಗೆ ಕಾಣುತ್ತದೆಯೇ ಎಂದು ನೋಡಿದರು. ಅವರಿಗೆ ತಮ್ಮ ಮೇಲೇ ಹೇಸಿಗೆಯಾಗಿದ್ದು ಮುಖದಲ್ಲಿ ಕಾಣುತ್ತಿತ್ತು.

ಮಧ್ಯಾಹ್ನದ ಗಂಜಿಗೆ ಬಂದ ಬೊಮ್ಮಯ್ಯ ಮೊದಲು ನೋಡಿದ. "ಇಲಿ ಬಿತ್ತು!" ಎಂದು ಅವನು ಕೂಗಿದ್ದು ಹಳ್ಳದ ಆಚೆಗೂ ಕೇಳಿಸಿತು. ಮುಂದೆ ಯಾರಿಗೂ ಯಾರೂ ಹೇಳಬೇಕಾಗಲಿಲ್ಲ. ಹೆಂಗಸರು ಅಳುತ್ತಲೇ ಗಡಿಗೆ ಹೊತ್ತರು, ಕಂಬಳಿ ಚಾಪೆ ಸುತ್ತಿದರು. ಮುದುಕರನ್ನು ಬೆನ್ನ ಮೇಲೆ ಹಾಕಿಕೊಂಡರು. ಹುಚ್ಚಮ್ಮ ಒಲೆಯ ಕೆಂಡವನ್ನು ಬೂದಿ ಮುಚ್ಚಿ ತೆಂಗಿನ ಚಿಪ್ಪಿನಲ್ಲಿ ತುಂಬಿಕೊಂಡು ಭಾಗಮ್ಮನನ್ನು ಮುಂದೆ ಮಾಡಿಕೊಂಡು ನಡೆದಳು. ಎದುರಿನ ಹುಲ್ಲುಗುಡ್ಡದ ಮೇಲೆ ಗಂಡಸರು ಗೂಟ ಹೊಡೆಯತೊಡಗಿದರು. ಲೈನು ಖಾಲಿಯಾಯಿತು. ಡಾಕ್ಟರು ಕಲ್ಲಿನ ಮೇಲೆ ಕುಸಿದು ಕೂತು ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡರು. "ಬದುಕಿದ್ರು ಕಣೋ," ಎಂದರು.

ಇಲಿಯನ್ನು ಸುಡಬೇಕೆಂದು ಅವರು ಅವಸರ ಮಾಡಿದರು. ಬೊಮ್ಮಯ್ಯ ಅದರ ಮೇಲೆ ಮಡಕೆ ಕವುಚಿ ಹಾಕಿದ್ದ. ಗೌಡರಿಗೆ ತೋರಿಸದೆ ಸುಟ್ಟರೆ ನಾಳೆ ತನ್ನನ್ನು ಕೇಳುತ್ತಾರೆ ಎಂದ. ನಾವು ಸೀಮೆಎಣ್ಣೆ ಹಿಡಿದು ನಿಂತಿರುವಾಗಲೇ ಗೌಡರು ಬಂಗಲೆಯಿಂದ ಓಡೋಡಿ ಬಂದರು. ನಾಯಿ ನೋಡಲು ಹೋಗಿದ್ದ ಶಿವಯ್ಯ ಅವರ ಜೊತೆಯಲ್ಲೇ ಇದ್ದ.

ಗೌಡರ ಮುಖದಲ್ಲಿ ಹೆದರಿಕೆಯಿತ್ತು. "ಡಾಕ್ಟ್ರೇ, ನೀವು ಹೇಳಿದ್ದೇ ಸರಿಯಾಯ್ತು, ತಪ್ಪಾಯ್ತು ನಂದು," ಎಂದರು. ಆ ಮಾತಿಗೆ ಎಲ್ಲ ಮುಗಿದುಹೋಗಬೇಕಿತ್ತು. ಆದರೆ ಅವರು ಶಿವಯ್ಯನ ಕಡೆ ತಿರುಗಿ, "ನೋಡಪ್ಪಾ, ನಿನ್ನ ಬೆರಳು ಸುಳ್ಳು ಹೇಳಲ್ಲ ಅಂತಾರಲ್ಲ ನಿಮ್ಮ ಡಾಕ್ಟ್ರು. ನೋಡು, ಇದು ಆ ಕಾಯಿಲೆದೇನಾ ಅಂತ," ಎಂದರು.

"ಬೇಡ ಶಿವಯ್ಯ, ಮುಟ್ಟಬೇಡ," ಎಂದರು ಡಾಕ್ಟರು.

"ಮುಟ್ಟೋದಿಲ್ಲ ಸಾರ್," ಎಂದ ಶಿವಯ್ಯ, ಗುರುಗಳಿಗೆ ತನ್ನ ಮೇಲೆ ಅಕ್ಕರೆ ಎಂದುಕೊಂಡು. ಅವನು ಮಡಕೆ ಎತ್ತಿದ. ದೂರ ನಿಂತು ನೋಡಿದ. ಆಮೇಲೆ ಎರಡು ಕಡ್ಡಿಗಳಿಂದ ಮೆಲ್ಲಗೆ ಹೊರಳಿಸಿದ. ಕಲಿಸಿದ ಒಂದು ಹಂತವನ್ನೂ ಬಿಡದೆ, ಕೇಳುವ ಮೊದಲೇ, ಪಾಠ ಒಪ್ಪಿಸುವ ಹಾಗೆ ಹೇಳುತ್ತಾ ಹೋದ. "ಗಂಡು ಇಲಿ. ಮೈ ಸೆಟೆದಿದೆ. ಕೂದಲಲ್ಲಿ ಒಣಹುಲ್ಲಿನ ಚೂರು. ಗಂಟು ಕಾಣೋದಿಲ್ಲ. ಕುತ್ತಿಗೆ ಸುತ್ತ ಕೂದಲು ಒತ್ತಿದೆ, ಚರ್ಮದಲ್ಲಿ ಗೆರೆ ಇದೆ. ತಂತಿಯ..."

ಅಲ್ಲಿಗೆ ತಲೆಯೆತ್ತಿದವನು ಡಾಕ್ಟರ ಮುಖವನ್ನು ನೋಡಿದ. ನೋಡಿದ ಕೂಡಲೇ ಅವನಿಗೆ ಎಲ್ಲವೂ ತಿಳಿಯಿತು. ಬಾಯಿ ಮುಚ್ಚಿಕೊಂಡ. ಆದರೆ ಮುಚ್ಚುವಷ್ಟರಲ್ಲಿ ತಡವಾಗಿತ್ತು.

"ತಂತಿಯಾ?" ಎಂದರು ಗೌಡರು. "ಅಂದ್ರೆ ಬೋನಿಗೆ ಬಿದ್ದ ಇಲಿನಾ? ಲೈನಲ್ಲಿ ಬೋನು ಎಲ್ಲಿಂದ ಬಂತು?"

ಗೌಡರು ಶಿವಯ್ಯನನ್ನು ನೋಡಿದರು, ನನ್ನನ್ನು ನೋಡಿದರು, ನನ್ನ ಕೈಯಲ್ಲಿದ್ದ ಬುತ್ತಿ ಡಬ್ಬಿಯನ್ನೂ ನೋಡಿದರು. ಡಾಕ್ಟರು ಬೇಕಾದರೆ ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು. "ನಾನೇ ತಂದು ಹಾಕಿದ್ದು," ಎಂದರು.

ಅಷ್ಟರಲ್ಲಿ ಗುಡ್ಡದಿಂದ ಜನ ಇಳಿದು ಬಂದು ಸುತ್ತ ನೆರೆದಿದ್ದರು. ಡಾಕ್ಟರು ಅವರ ಕಡೆ ತಿರುಗಿ ಕೈ ಮುಗಿದರು. "ನಾನು ಸುಳ್ಳ, ಒಪ್ಪಿಕೊಂಡೆ. ಬೇಕಾದ್ರೆ ಹೊಡೀರಿ. ಆದ್ರೆ ಬೆಕ್ಕಿನ ಕುತ್ತಿಗೆ ಸುಳ್ಳಲ್ಲ. ಪ್ಲೇಗು ಬಂದಿದೆ. ನಿಮ್ಮ ಕಾಲು ಹಿಡೀತೀನಿ, ಗುಡ್ಡದಲ್ಲೇ ಇರ್ರಿ, ಒಳಗೆ ಹೋಗಬೇಡಿ." ಆ ಹೆಸರನ್ನು ಅವರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅದನ್ನು ನಂಬುವವರು ಒಬ್ಬರೂ ಉಳಿದಿರಲಿಲ್ಲ.

"ಬೆಕ್ಕು ಕೊಟ್ಟೋರೂ ಇವ್ರೇ, ಇಲಿ ತಂದೋರೂ ಇವ್ರೇ!" ಎಂದು ಯಾರ ಬಾಯಿಂದಲೋ ಬಂತು. ಒಂದಷ್ಟು ಜನ ನಕ್ಕರು. ಒಬ್ಬಳು ಮುದುಕಿ ಮಣ್ಣು ಹಿಡಿದು ತೂರಿದಳು. ಬೆಕ್ಕಿನ ಡಾಕ್ಟರು ಎಂಬ ಹೆಸರನ್ನು ಬೈಗುಳವಾಗಿ ನಾನು ಕೇಳಿದ್ದು ಆಗ. ಹೊತ್ತು ಮುಳುಗುವ ಮೊದಲೇ ಅದೇ ಗಡಿಗೆ, ಅದೇ ಕಂಬಳಿ, ಅದೇ ಮುದುಕರು ಎಲ್ಲ ಲೈನಿನೊಳಗೆ ವಾಪಸು ಹೋದರು. ಹುಚ್ಚಮ್ಮನೂ ಹೋದಳು. ಚಿಪ್ಪಿನ ಕೆಂಡ ಆರಿರಲಿಲ್ಲ, ಅದರಿಂದಲೇ ಮತ್ತೆ ಒಲೆ ಹಚ್ಚಿದಳು.

ನನಗೆ ಶಿವಯ್ಯನಿಗೆ ಬಾರಿಸಬೇಕು ಅನ್ನಿಸಿತು. ಗೌಡರಿಗೂ ಬಾರಿಸಬೇಕು ಅನ್ನಿಸಿತು. ಆದರೆ ಒಬ್ಬ ಕಲಿತದ್ದನ್ನು ಮಾಡಿದ್ದ, ಇನ್ನೊಬ್ಬರು ಕೇಳಬೇಕಾದ್ದನ್ನು ಕೇಳಿದ್ದರು. ಯಾರಿಗೆ ಬಾರಿಸುವುದು? ಆ ಸಿಟ್ಟು ಇವತ್ತಿಗೂ ನನ್ನ ಹೊಟ್ಟೆಯಲ್ಲಿ ಹಾಗೇ ಇದೆ.

ವಾರ ತುಂಬುವ ಮೊದಲೇ ಭಾಗಮ್ಮನಿಗೆ ಜ್ವರ ಬಂತು. ತೊಡೆಯ ಸಂದಿನಲ್ಲಿ ಗಡ್ಡೆ ಎದ್ದಿತು. ಅವಳು ಹೋದಳು. ಅದರ ಬೆನ್ನಿಗೇ ಬೊಮ್ಮಯ್ಯ ಹೋದ, ಸಿದ್ದಮ್ಮನ ಮನೆಯವರು ಹೋದರು. ಆಗ ಜನ ಇಲಿಗೆ ಕಾಯದೆ ಮನೆ ಬಿಟ್ಟು ಓಡಿದರು. ಒಟ್ಟು ಎಷ್ಟು ಜನ ಎಂದು ಕೇಳಬೇಡಿ, ನಾನು ಎಣಿಸಲಿಲ್ಲ. ಗೌಡರು ಕೊಯ್ಲು ನಿಲ್ಲಿಸಿ, ತಾವೇ ನಿಂತು ಗುಡಿಸಲು ಹಾಕಿಸಿದರು. ಅಧಿಕಾರಿಗಳು ಬಂದರು, ಸೂಜಿ ಹಾಕಿದರು. ಡಾಕ್ಟರು ಮಾತ್ರ ಆ ಗುಡ್ಡ ಬಿಟ್ಟು ಇಳಿಯಲಿಲ್ಲ. ಮನುಷ್ಯರಿಗೆ ಔಷಧಿ ಕೊಡುವ ಹಕ್ಕು ಅವರಿಗಿರಲಿಲ್ಲ. ನೀರು ಕಾಯಿಸಿ ಕೊಟ್ಟರು, ಹೆಣಕ್ಕೆ ಹೆಗಲು ಕೊಟ್ಟರು. ಬೈದವರ ಬಾಯಿಗೇ ಗಂಜಿ ಹಾಕಿದರು.

ಶಿವಯ್ಯ ಅಲ್ಲಿಗೆ ಬಂದು ಅವರ ಮುಂದೆ ನಿಂತ. ಮುಖ ಸತ್ತುಹೋಗಿತ್ತು. "ನಾನು ಬಾಯಿ ಮುಚ್ಚಿಕೊಂಡು ಇರಬೇಕಿತ್ತು ಸಾರ್."

"ಇಲ್ಲ ಕಣಪ್ಪಾ. ನೀನು ನೋಡಿದ್ದು ಸರಿ, ಹೇಳಿದ್ದೂ ಸರಿ," ಎಂದರು ಅವರು. "ಕಲಿಸಿದೋನು ಕಲಿಸಿದ್ದನ್ನ ಬಿಟ್ಟ."

ಆ ಮಾತು ಅವನಿಗೆ ಸಮಾಧಾನ ಕೊಡಲಿಲ್ಲ. ಅವನು ಸಂಸೆಗೆ ಹೋದ, ಮತ್ತೆ ಆಸ್ಪತ್ರೆಗೆ ಬರಲಿಲ್ಲ. ಭತ್ತ ಬೆಳೆಯುತ್ತಿದ್ದಾನೆ ಎಂದು ಕೇಳಿದ್ದೇನೆ. ಮನೆಯಲ್ಲಿ ಒಂದು ನಾಯಿಯನ್ನೂ ಸಾಕಿಲ್ಲವಂತೆ.

ಬಿಸಿಲು ಏರಿ ಕಾಯಿಲೆ ಇಳಿದ ಮೇಲೆ ಡಾಕ್ಟರು ಹುಚ್ಚಮ್ಮನ ಗುಡಿಸಲಿಗೆ ಹೋದರು. ನಾನೂ ಹೋದೆ. ಅವಳು ಅಕ್ಕಿ ಆರಿಸುತ್ತಿದ್ದಳು, ಒಬ್ಬಳಿಗೆ ಸಾಕಾಗುವಷ್ಟು. ಡಾಕ್ಟರು ನೆಲದ ಮೇಲೆ ಕೂತು, "ತಪ್ಪಾಯ್ತಮ್ಮ, ಸುಳ್ಳು ಇಲಿ ತಂದು ಹಾಕಬಾರದಿತ್ತು," ಎಂದರು.

ಹುಚ್ಚಮ್ಮ ಮೊರದಿಂದ ಕಣ್ಣೆತ್ತಲಿಲ್ಲ. "ಇಲಿದು ಬಿಡಿ ಅಯ್ಯಾ. ಆ ದಿನ ನನ್ನ ಬೆಕ್ಕಿಗೆ ಎಂತ ಆಗಿದೆ ಅಂತ ಕೇಳಿದೆ ನಾನು. ನೀವು ಮುಟ್ಟಿ ಮುಟ್ಟಿ ನೋಡಿದ್ರಿ, ನಿಮ್ಮ ನಿಮ್ಮಲ್ಲೇ ಮಾತಾಡ್ಕೊಂಡ್ರಿ. ನನಗೆ ಮಾತ್ರ ಏನಿಲ್ಲ ಅಂದ್ರಿ. ನಾನು ಸಾಕಿದ ಬೆಕ್ಕು ಅಯ್ಯಾ ಅದು. ನನ್ನ ಕೈ ಹಿಡಿದು ಅದರ ಕುತ್ತಿಗೆ ಮುಟ್ಟಿಸಿದ್ರೆ ನಂಗೆ ಗೊತ್ತಾಗ್ತಿರಲಿಲ್ವಾ? ನನ್ನ ಮಗಳನ್ನ ಕರ್ಕೊಂಡು ಅವತ್ತೇ ಹೋಗ್ತಿದ್ದೆ. ಗೌಡ್ರನ್ನೂ ಕೇಳ್ತಿರ್ಲಿಲ್ಲ, ಮೇಸ್ತ್ರಿನೂ ಕೇಳ್ತಿರ್ಲಿಲ್ಲ."

ನನಗಂತೂ ನೆಲ ಬಿರಿಯಬಾರದೇ ಅನ್ನಿಸಿತು. ಆ ಲೈನನ್ನು ನಾವು ನಮ್ಮ ಶಾಲೆ ಮಾಡಿಕೊಂಡಿದ್ದೆವು, ಬೆಕ್ಕುಗಳ ಜೊತೆ ದಿನವಿಡೀ ಇರುವ ಆ ಹೆಂಗಸರು ನಮ್ಮ ಬೆನ್ನ ಹಿಂದೆಯೇ ನಿಂತು ನೋಡುತ್ತಿದ್ದರು, ಅವರಿಗೆ ಒಂದು ಅಕ್ಷರ ಹೇಳಬೇಕೆಂದು ನಮಗೆ ಹೊಳೆದಿರಲಿಲ್ಲ.

ಮುಂದಿನ ವಾರ ಡಾಕ್ಟರು ಆಸ್ಪತ್ರೆಯ ಬಿಳಿ ಬೆಕ್ಕನ್ನು ಬುಟ್ಟಿಯಲ್ಲಿ ಹೊತ್ತು ಮತ್ತೆ ಆ ಗುಡ್ಡ ಹತ್ತಿದರು. ಬೈಯುವವರು ಬೈದರು. ಅವರು ನೇರವಾಗಿ ಹುಚ್ಚಮ್ಮನ ಹತ್ತಿರ ಹೋಗಿ, ಅವಳ ಕೈಗೆ ಸೀಮೆಎಣ್ಣೆ ಸವರಿ, ಬೆಕ್ಕನ್ನು ಅವಳ ತೊಡೆಯ ಮೇಲೆ ಕೂರಿಸಿದರು. ಅವಳ ಎರಡು ಬೆರಳು ಹಿಡಿದು ಅದರ ದವಡೆಯ ಕೆಳಗೆ ಇಟ್ಟರು. "ಇದು ಸರಿಯಾಗಿರೋ ಕುತ್ತಿಗೆ ಕಣಮ್ಮ. ನೋಡ್ಕೋ. ಇಲ್ಲಿ ಗಂಟು ಸಿಕ್ಕಿದ ದಿನ ಯಾರನ್ನೂ ಕೇಳಬೇಡ, ಎಲ್ಲರನ್ನೂ ಎಬ್ಬಿಸ್ಕಂಡು ಹೊರಡು. ಏನು ಕಂಡೆ?"

ಹುಚ್ಚಮ್ಮ ಬೆರಳು ಆಡಿಸಿದಳು. ಬೆಕ್ಕು ಕಣ್ಣು ಮುಚ್ಚಿ ಕುತ್ತಿಗೆಯನ್ನು ಇನ್ನಷ್ಟು ಮುಂದೆ ಚಾಚಿತು. "ಏನೂ ಇಲ್ಲ," ಎಂದಳು. ಇನ್ನೊಂದು ಬದಿಯನ್ನೂ ತಡವಿದಳು. ಆಮೇಲೆ ಡಾಕ್ಟರ ಮುಖ ನೋಡಿದಳು.

"ಇಷ್ಟೇನಾ ಅಯ್ಯಾ? ಕಲಿಯೋಕೆ ಇದ್ದಿದ್ದು ಇಷ್ಟೇನಾ?"

ಅವಳು ಬೆಕ್ಕಿನ ಕುತ್ತಿಗೆಯಿಂದ ಕೈ ತೆಗೆಯದೆ ಅಳತೊಡಗಿದಳು.